ಹೊಸ ಮಿಯಾಟಾಗೆ ಕಾಯಬೇಕೇ? ಮೊದಲು ತಕ್ಕಡಿ ನೋಡಿ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಊರು ದಾವಣಗೆರೆ, ವಯಸ್ಸು 41. ಮನೆಗೆ ಅಂತ ಒಂದು ದೊಡ್ಡ ಗಾಡಿ ಇದೆ. ಶನಿವಾರ, ಭಾನುವಾರ ಓಡಿಸೋಕೆ ಒಂದು ಮಜ್ದಾ ಮಿಯಾಟಾ, ಅಂದರೆ ಆ ಎರಡು ಸೀಟಿನ, ಟಾಪ್ ತೆಗೆಯೋ ಚಿಕ್ಕ ಸ್ಪೋರ್ಟ್ಸ್ ಕಾರು ತಗೋಬೇಕು ಅನ್ನೋದು ಹತ್ತು ವರ್ಷದ ಆಸೆ. ಕಾರು ಕಲಿತದ್ದು ಅಪ್ಪನ ಪದ್ಮಿನಿಯಲ್ಲಿ, ಹಾಗಾಗಿ ಗೇರ್ ಕಾರೇ ಬೇಕು. ಈಗ ದುಡ್ಡು ಕೂಡಿದೆ. ಆದರೆ ಹೊಸ ತಲೆಮಾರಿನ ಕಾರು ಬರುತ್ತದೆ ಅಂತ ಎಲ್ಲ ಕಡೆ ಸುದ್ದಿ. ಒಬ್ಬರು ಪೂರ್ತಿ ಎಲೆಕ್ಟ್ರಿಕ್ ಅಂತಾರೆ. ಇನ್ನೊಬ್ಬರು 2.5 ಲೀಟರ್ ಎಂಜಿನ್, 250 ಎಚ್‌ಪಿ ಅಂತಾರೆ. ಮತ್ತೊಬ್ಬರು ರೋಟರಿ ಎಂಜಿನ್ ಬರುತ್ತೆ, ಎದ್ದು ನಿಲ್ಲೋ ಹೆಡ್‌ಲೈಟ್ ವಾಪಸ್ ಬರುತ್ತೆ ಅಂತ ಫೋಟೋ ತೋರಿಸುತ್ತಾರೆ. ಆಫೀಸಿನ ಗೆಳೆಯ ‘ಕೊನೇ ಪೆಟ್ರೋಲ್ ಮಿಯಾಟಾ ಇದೇ, ಈಗ ತಗೊಂಡು ಇಟ್ಟರೆ ಚಿನ್ನ’ ಅಂತಾನೆ. ಹೆಂಡತಿ ‘ಇಷ್ಟು ವರ್ಷ ಕಾದಿದ್ದೀರ, ಇನ್ನೆರಡು ವರ್ಷ ಕಾದರೆ ಏನಾಗುತ್ತೆ’ ಅಂತಾಳೆ. ಯಾರ ಮಾತು ಕೇಳಲಿ?

ಉತ್ತರ: ಗೆಳೆಯನ ಮಾತಂತೂ ಬೇಡ. ಮನೆಯವರ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಪ್ರಶ್ನೆ ಐದಾರು ಇದ್ದರೂ ಭಯ ಒಂದೇ. ಇವತ್ತು ತಗೊಂಡು ನಾಳೆ ಅದಕ್ಕಿಂತ ಒಳ್ಳೆಯದು ಬಂದರೆ ಹೊಟ್ಟೆ ಉರಿ. ಕಾದು ಕೂತು ಕೊನೆಗೆ ಗೇರೇ ಇಲ್ಲದ ಕಾರು ಬಂದರೆ ಇನ್ನೂ ಹೊಟ್ಟೆ ಉರಿ. ನಾನು ಇಪ್ಪತ್ತು ವರ್ಷ ಕಾರುಗಳ ಚಾಸಿ (ಸಸ್ಪೆನ್ಶನ್, ಸ್ಟಿಯರಿಂಗ್, ಬ್ರೇಕ್) ವಿಭಾಗದಲ್ಲಿ ಕೆಲಸ ಮಾಡಿದವನು. ಮಜ್ದಾದಲ್ಲಿ ಅಲ್ಲ, ಅದರ ಒಳಗಿನ ಗುಟ್ಟು ನನ್ನ ಹತ್ತಿರ ಇಲ್ಲ. ಇರುವುದು ಒಂದು ಅಭ್ಯಾಸ: ಯಾವ ಸುದ್ದಿ ಬಂದರೂ ಮೊದಲು ತಕ್ಕಡಿಗೆ ಹಾಕುವುದು. ಈ ಕಾರಿನ ವಿಷಯದಲ್ಲಿ ಅರ್ಧಕ್ಕರ್ಧ ಗಾಳಿಸುದ್ದಿ ಅಲ್ಲೇ ಉದುರಿಹೋಗುತ್ತದೆ.

ಮಿಯಾಟಾ ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಮೋಟಾರ್ ಶೋದಲ್ಲಿ. 1.6 ಲೀಟರ್ ಎಂಜಿನ್, 116 ಎಚ್‌ಪಿ, ತೂಕ ಸುಮಾರು 950 ಕೆಜಿ. ಈಗ ನಿಮ್ಮ ಅಮೆರಿಕದ ಶೋರೂಮಿನಲ್ಲಿ ನಿಂತಿರುವುದು ನಾಲ್ಕನೇ ತಲೆಮಾರು. 2 ಲೀಟರ್ ಎಂಜಿನ್, 181 ಎಚ್‌ಪಿ, ತೂಕ ಸುಮಾರು 1,070 ಕೆಜಿ. ಮಧ್ಯೆ ಮೂವತ್ತೈದು ವರ್ಷ ಕಳೆದಿದೆ. ಏರ್‌ಬ್ಯಾಗ್, ಎಬಿಎಸ್, ಕ್ಯಾಮೆರಾ, ರೇಡಾರ್, ದೊಡ್ಡ ಚಕ್ರ, ಗಟ್ಟಿ ಬಾಡಿ ಎಲ್ಲ ಸೇರಿದೆ. ಆದರೂ ಜಾಸ್ತಿಯಾದದ್ದು 120 ಕೆಜಿ. ಇದೇ ಸಮಯದಲ್ಲಿ ಬೇರೆ ಕಾರುಗಳು ಎಷ್ಟು ಊದಿವೆ ಅನ್ನುವುದಕ್ಕೆ ನಿಮ್ಮ ಮನೆ ಮುಂದಿನ ದೊಡ್ಡ ಗಾಡಿಯನ್ನೇ ನೋಡಿ.

ಇದು ತಾನಾಗಿ ಆಗಿದ್ದಲ್ಲ. 2005ರ ಮೂರನೇ ತಲೆಮಾರಿನ ಕಾರು ಮಾಡುವಾಗ ಮಜ್ದಾದವರು ಒಳಗಿನ ಕನ್ನಡಿಯಿಂದ 84 ಗ್ರಾಂ ತೆಗೆದರು. ಕನ್ನಡಿಯಿಂದ! ಎಂಬತ್ತನಾಲ್ಕು ಗ್ರಾಂ ಅಂದರೆ ಒಂದು ಬಾಳೆಹಣ್ಣಿನಷ್ಟೂ ಇಲ್ಲ. ಚಿನ್ನದಂಗಡಿಯವರ ಹಾಗೆ ತೂಗುವ ಜನ ಅವರು. ಅಷ್ಟು ಮಾಡಿದರೂ ಆ ತಲೆಮಾರು ಹಿಂದಿನದಕ್ಕಿಂತ ಭಾರವೇ ಆಯಿತು. 2015ರ ನಾಲ್ಕನೆಯದರಲ್ಲಿ ಮತ್ತೆ ಇಳಿಸಿದರು.

ತೂಕ ಎಷ್ಟು ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ಮುಖ್ಯ. ಟೆಸ್ಟ್ ಟ್ರ್ಯಾಕಿನಲ್ಲಿ ನಾವು ಮರಳಿನ ಚೀಲ ಇಟ್ಟು ನೋಡುತ್ತಿದ್ದೆವು. ಇಪ್ಪತ್ತು ಕೆಜಿಯ ಎರಡು ಚೀಲ. ಮೊದಲು ಸೀಟಿನ ಹಿಂದೆಯೇ ಇಟ್ಟು ಓಡಿಸಿದರೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಅವೇ ಚೀಲಗಳನ್ನು ಡಿಕ್ಕಿಯ ಕೊನೆಯ ಮೂಲೆಗೆ ತಳ್ಳಿ ಅದೇ ತಿರುವಿಗೆ ಬನ್ನಿ. ಸ್ಟಿಯರಿಂಗ್ ತಿರುಗಿಸಿದ ಮೇಲೂ ಕಾರಿನ ಹಿಂಭಾಗ ಒಂದು ಕ್ಷಣ ಯೋಚನೆ ಮಾಡುತ್ತದೆ. ಆಮೇಲೆ ಒಮ್ಮೆಲೇ ಬರುತ್ತದೆ. ಭುಜದ ಮೇಲೆ ಅಡ್ಡೆ ಹೊತ್ತವರನ್ನು ನೋಡಿದ್ದೀರಲ್ಲ? ಎರಡು ತುದಿಗೂ ತುಂಬಿದ ಕೊಡ ತೂಗುತ್ತಿರುವಾಗ ಸಂದಿಯಲ್ಲಿ ತಿರುಗಿಕೊಳ್ಳುವುದು ಎಷ್ಟು ಕಷ್ಟ! ಅದೇ ಎರಡು ಕೊಡ ಎದೆಗೆ ಅವುಚಿಕೊಂಡರೆ ಸಲೀಸು. ಮಿಯಾಟಾದಲ್ಲಿ ಎಂಜಿನ್ನನ್ನು ಮುಂದಿನ ಆಕ್ಸಲ್‌ಗಿಂತ ಹಿಂದಕ್ಕೆ ತಳ್ಳಿ, ಮುಂದೆ ಹಿಂದೆ ಸಮ ಸಮ ತೂಕ ಬರುವ ಹಾಗೆ ಮಾಡುವುದು ಇದಕ್ಕೇ. ಆ ಕಾರಿನ ಮಜಾ ಇರುವುದೇ ಇಲ್ಲಿ. ಎಚ್‌ಪಿ ಲೆಕ್ಕದಲ್ಲಿ ನೋಡಿದರೆ ಅದಕ್ಕಿಂತ ಜೋರಾದ ಕಾರು ನಿಮ್ಮ ಬೀದಿಯಲ್ಲೇ ಹತ್ತು ಸಿಗುತ್ತವೆ.

ಈಗ ಸುದ್ದಿಗಳನ್ನು ಒಂದೊಂದಾಗಿ ತೂಗೋಣ.

ಪೂರ್ತಿ ಎಲೆಕ್ಟ್ರಿಕ್ ಅನ್ನುವುದು ಮೊದಲು. ಬ್ಯಾಟರಿ ಲೆಕ್ಕ ಸುಲಭ. ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ ಯೂನಿಟ್, ಬ್ಯಾಟರಿಗೂ ಅದೇ ಅಳತೆ. ಇವತ್ತಿನ ಕಾರು ಬ್ಯಾಟರಿಯಲ್ಲಿ ಪೆಟ್ಟಿಗೆ, ತಂಪು ಮಾಡುವ ವ್ಯವಸ್ಥೆ ಎಲ್ಲ ಸೇರಿ ಒಂದು ಯೂನಿಟ್ ಕೂಡಿಡೋಕೆ ಸುಮಾರು 6 ಕೆಜಿ ಬೇಕು. ಮುನ್ನೂರು ಕಿಲೋಮೀಟರ್ ಓಡಲಿ ಅಂದರೆ 50 ಯೂನಿಟ್, ಅಂದರೆ 300 ಕೆಜಿ. ಈಗಿನ ಮಿಯಾಟಾದ 45 ಲೀಟರ್ ಟ್ಯಾಂಕು ತುಂಬಿದರೆ ಪೆಟ್ರೋಲಿನ ತೂಕ 34 ಕೆಜಿ. ಎಂಜಿನ್, ಗೇರ್‌ಬಾಕ್ಸ್, ಸೈಲೆನ್ಸರ್ ತೆಗೆದರೆ ಒಂದಷ್ಟು ಇಳಿಯುತ್ತದೆ, ಮೋಟಾರು ಮತ್ತು ಅದರ ಎಲೆಕ್ಟ್ರಾನಿಕ್ಸ್ ಹಾಕಿದರೆ ಅದರಲ್ಲಿ ಅರ್ಧ ವಾಪಸ್ ಬರುತ್ತದೆ. ಏನೇ ಮಾಡಿದರೂ ಕಾರು 1,250 ಕೆಜಿ ದಾಟುತ್ತದೆ. ಅಲ್ಲಿಗೆ ನಿಲ್ಲುವುದೂ ಇಲ್ಲ. ತೂಕ ಬಂತು ಅಂತ ಬ್ರೇಕ್ ದೊಡ್ಡದಾಗುತ್ತದೆ, ಬ್ರೇಕಿಗೆ ತಕ್ಕ ಚಕ್ರ, ಚಕ್ರಕ್ಕೆ ತಕ್ಕ ಟೈರು, ಅವನ್ನು ಹೊರೋಕೆ ಗಟ್ಟಿ ಸಸ್ಪೆನ್ಶನ್. ಸಾಲದ ಬಡ್ಡಿಯ ಹಾಗೆ, ತೂಕಕ್ಕೆ ತೂಕ ಹುಟ್ಟುತ್ತದೆ.

ಎರಡು ಸೀಟಿನ, ಟಾಪ್ ತೆಗೆಯುವ ಎಲೆಕ್ಟ್ರಿಕ್ ಕಾರು ಈಗಲೇ ಇದೆ, ಎಂಜಿ ಸೈಬರ್‌ಸ್ಟರ್. 2025ರಿಂದ ಭಾರತದಲ್ಲೂ ಮಾರಾಟಕ್ಕಿದೆ. ಚೆನ್ನಾಗಿ ಓಡುತ್ತದೆ, ನೋಡೋಕೂ ಚೆಂದ. ಆದರೆ ಎರಡು ಮೋಟಾರಿನ ಮಾದರಿಯ ತೂಕ ಹೆಚ್ಚುಕಮ್ಮಿ 2 ಟನ್. ಅಂದರೆ ಹತ್ತಿರಹತ್ತಿರ ಎರಡು ಮಿಯಾಟಾ. ಬ್ಯಾಟರಿ ನೆಲದಡಿ ಹಾಸಿದರೆ ಸೀಟು ಮೇಲಕ್ಕೆ ಬರುತ್ತದೆ ಅನ್ನುವುದು ಇನ್ನೊಂದು ತಲೆನೋವು. ಎಸ್‌ಯುವಿಯಲ್ಲಿ ಅದು ಲಾಭ. ರಸ್ತೆಗೆ ಅಂಟಿ ಕೂರಬೇಕಾದ ಕಾರಿನಲ್ಲಿ ನಷ್ಟ. ಪೋರ್ಷೆಯವರು ತಮ್ಮ 718 ಅನ್ನುವ ಸ್ಪೋರ್ಟ್ಸ್ ಕಾರಿನ ಎಲೆಕ್ಟ್ರಿಕ್ ಮಾದರಿಗೆ ಬ್ಯಾಟರಿಯನ್ನು ಡ್ರೈವರ್ ಬೆನ್ನ ಹಿಂದೆ ಪೇರಿಸುವ ದಾರಿ ಹಿಡಿದರು. ಜಾಣತನವೇ. ಆದರೂ 2025ರ ಸೆಪ್ಟೆಂಬರಿನಲ್ಲಿ, 718ರ ಮೇಲಿನ ದರ್ಜೆಯ ಮಾದರಿಗಳಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತದೆ ಅಂತ ಅವರೇ ಹೇಳಬೇಕಾಯಿತು. ಅಷ್ಟು ದುಡ್ಡಿರುವವರ ಕಥೆಯೇ ಹೀಗಿರುವಾಗ, ಮಜ್ದಾದಂಥ ಚಿಕ್ಕ ಕಂಪನಿ ಮುಂದಿನ ಮಿಯಾಟಾವನ್ನು ಬ್ಯಾಟರಿ ಮಾತ್ರದಿಂದ ಓಡಿಸುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ರೋಟರಿ, ಅಂದರೆ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ಎಂಜಿನ್. ಈ ಸುದ್ದಿ ಹುಟ್ಟಿದ್ದು ಒಂದು ನಿಜವಾದ ಕಾರಿನಿಂದ. 2023ರ ಅಕ್ಟೋಬರಿನಲ್ಲಿ ಜಪಾನ್ ಮೊಬಿಲಿಟಿ ಶೋದಲ್ಲಿ ಮಜ್ದಾ ‘ಐಕಾನಿಕ್ ಎಸ್‌ಪಿ’ ಅನ್ನುವ ಕೆಂಪು ಕಾರು ಇಟ್ಟಿತ್ತು. ನಿಮಗೆ ತೋರಿಸಿದ ಫೋಟೋ ಅದೇ ಇರಬೇಕು. ಎರಡು ರೋಟರ್‌ಗಳ ಎಂಜಿನ್ ಕರೆಂಟ್ ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟಾರು. 370 ಎಚ್‌ಪಿ. ಎಲ್ಲರೂ ಅದನ್ನು ಹೊಸ ಮಿಯಾಟಾ ಅಂದುಕೊಂಡರು. ಆದರೆ ಕಂಪನಿಯೇ ಕೊಟ್ಟ ಅಳತೆ ಓದಿ: ಉದ್ದ 4,180 ಮಿಲಿಮೀಟರ್, ತೂಕ 1,450 ಕೆಜಿ. ಈಗಿನ ಮಿಯಾಟಾ ಉದ್ದ 3,915. ತಕ್ಕಡಿ ಮೇಲೆ ಇದು ಮಿಯಾಟಾದ ತಮ್ಮನಲ್ಲ, ಮಜ್ದಾದ ಹಳೆಯ ರೋಟರಿ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7ರ ಮಗ. ಬಂದರೂ ಬೇರೆ ಕಾರಾಗಿ, ಬೇರೆ ಬೆಲೆಗೆ ಬರುತ್ತದೆ.

ಎದ್ದು ನಿಲ್ಲುವ ಹೆಡ್‌ಲೈಟ್ ಬಗ್ಗೆ ಬೇಜಾರು ನನಗೂ ಇದೆ. ಮೊದಲ ಮಿಯಾಟಾದ ಆ ಕಪ್ಪೆ ಮುಖ ಯಾರಿಗೆ ಇಷ್ಟ ಇಲ್ಲ? ಎರಡನೇ ತಲೆಮಾರಿಗೇ ಅದು ಹೋಯಿತು. ನಡೆದು ಹೋಗುವವರಿಗೆ ಕಾರು ಗುದ್ದಿದರೆ ಆ ಚೂಪು ಅಂಚು ಅಪಾಯ. ಜೊತೆಗೆ ಎರಡು ಮೋಟಾರು, ಸನ್ನೆಕೋಲು, ಅಷ್ಟು ತೂಕ, ಅದೂ ಕಾರಿನ ಮೂತಿಯ ತುದಿಯಲ್ಲಿ. ಮರಳಿನ ಚೀಲ ನೆನಪಿದೆಯಲ್ಲ.

2.5 ಲೀಟರ್ ಎಂಜಿನ್ ಸುದ್ದಿಯಲ್ಲಿ ಹುರುಳಿದೆ. ಮಜ್ದಾ ‘ಸ್ಕೈಆಕ್ಟಿವ್-ಝಡ್’ ಅನ್ನುವ ಹೊಸ ನಾಲ್ಕು ಸಿಲಿಂಡರ್ ಎಂಜಿನ್ ಮಾಡುತ್ತಿದೆ. ಮೊದಲು ತನ್ನ ಎಸ್‌ಯುವಿ ಸಿಎಕ್ಸ್-5ರ ಹೈಬ್ರಿಡ್‌ಗೆ 2027ರ ಹೊತ್ತಿಗೆ ಅಂತ ಹೇಳಿದೆ. ಮುಂದಿನ ಮಿಯಾಟಾಕ್ಕೂ ಇದೇ ಎಂಜಿನ್ ಹಾಕುವ ಯೋಚನೆ ಇದೆ, ಗೇರ್ ಇರುತ್ತದೆ, ಉದ್ದ ನಾಲ್ಕು ಮೀಟರ್ ಒಳಗೆ, ತೂಕ ಒಂದು ಟನ್ ಒಳಗೆ ಇರಬೇಕು ಅನ್ನುವುದು ಗುರಿ ಅಂತ ಕಂಪನಿಯ ಎಂಜಿನಿಯರ್‌ಗಳು 2025ರಲ್ಲಿ ಪತ್ರಕರ್ತರಿಗೆ ಹೇಳಿದ್ದಾರೆ. ಹಾಗಾದರೆ 250 ಎಚ್‌ಪಿ? ಅದು ಬೇರೆ ಮಾತು.

ಎಂಜಿನ್ ದೊಡ್ಡದಾಗುತ್ತಿರುವುದು ಎಚ್‌ಪಿ ಆಸೆಗಲ್ಲ, ಹೊಗೆ ನಿಯಮಕ್ಕೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಈ ಹದ ಇದ್ದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ತೆಗೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹೊಗೆ ವಿಪರೀತ ಬಿಸಿಯಾಗುತ್ತದೆ. ಆಗ ನಮ್ಮವರು ಇಷ್ಟು ವರ್ಷ ಮಾಡುತ್ತಿದ್ದ ಉಪಾಯ, ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುವುದು. ಉರಿಯಲಿ ಅಂತಲ್ಲ, ತಂಪಾಗಲಿ ಅಂತ. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ಯುರೋಪಿನ ಯುರೋ 7 ನಿಯಮ 2026ರ ನವೆಂಬರಿನಿಂದ ಹೊಸ ಮಾದರಿಗಳಿಗೆ ಬರುತ್ತದೆ. ಇನ್ನು ಆ ಆಟ ನಡೆಯುವುದಿಲ್ಲ. ಎಷ್ಟೇ ಒತ್ತಿದರೂ ಹದ ತಪ್ಪಬಾರದು. ಹಾಗಾದಾಗ ಪ್ರತಿ ಲೀಟರಿಗೆ ಸಿಗುವ ಶಕ್ತಿ ಇಳಿಯುತ್ತದೆ. ಕಳೆದುಕೊಂಡದ್ದನ್ನು ವಾಪಸ್ ತರೋಕೆ ಸಿಲಿಂಡರ್ ದೊಡ್ಡದು ಮಾಡಬೇಕು. 2 ಲೀಟರ್ ಇದ್ದದ್ದು 2.5 ಆಗುವುದು ಹೀಗೆ.

ಇನ್ನೂ ಹತ್ತಿರದ ಸಾಕ್ಷಿ ಬೇಕಾ? ಮಜ್ದಾ3 ಕಾರಿನಲ್ಲಿ ಈಗಲೇ ಒಂದು 2.5 ಲೀಟರ್ ಎಂಜಿನ್ ಇದೆ. ಟರ್ಬೊ ಇಲ್ಲದ್ದು. ಅದು ಕೊಡುವುದು 186 ಎಚ್‌ಪಿ. ನಿಮ್ಮ ಮಿಯಾಟಾದ 2 ಲೀಟರಿನದು 181. ಬರೀ ಐದು ಜಾಸ್ತಿ! ಹೆಚ್ಚು ಸಿಗುವುದು ಎಳೆಯುವ ಬಲ, ಅಂದರೆ ಟಾರ್ಕ್. ಮಿಯಾಟಾದ್ದು 205 ನ್ಯೂಟನ್ ಮೀಟರ್, ಅದರದ್ದು 252. ಹೊಸ ಕಾರಿನಲ್ಲಿ ನಾನು ಎದುರುನೋಡುವುದು ಇಂಥದ್ದೇ ಬದಲಾವಣೆ. ಕೆಳಗಿನ ಗೇರಿಗೆ ಬರದೆಯೇ ಏರು ಹತ್ತುತ್ತದೆ. ಆದರೆ ಹೆಚ್ಚು ಸುತ್ತಿಗೆ ಏರಿ ಎಂಜಿನ್ ಕಿರುಚುವುದು ಕಡಿಮೆಯಾಗಬಹುದು.

ಯಾಕೆ ಅಂತ ಹೇಳುತ್ತೇನೆ, ಇದು ನನಗೆ ಇಷ್ಟದ ಲೆಕ್ಕ. ಈಗಿನ 2 ಲೀಟರಿನಲ್ಲಿ ಪಿಸ್ಟನ್ ಒಂದು ಸಲಕ್ಕೆ 91.2 ಮಿಲಿಮೀಟರ್ ಓಡುತ್ತದೆ. ನಿಮಿಷಕ್ಕೆ 7,500 ಸುತ್ತು ಅಂದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 22.8 ಮೀಟರ್. ಈಗಿನ 2.5ರಲ್ಲಿ ಆ ಓಟ 100 ಮಿಲಿಮೀಟರ್. ಅದೇ 7,500 ಸುತ್ತಿಗೆ 25 ಮೀಟರ್ ಆಗುತ್ತದೆ. ಸುತ್ತಾಡೋಕೆ ಅಂತ ಮಾಡಿದ ಎಂಜಿನ್ನಿಗೆ, ಅದೂ ವಾರಂಟಿ ಕೊಟ್ಟು ಮಾರಬೇಕಾದದ್ದಕ್ಕೆ ಇದು ಜಾಸ್ತಿ. ಹೊಸ ಎಂಜಿನ್ನಿನ ಅಳತೆಯೂ ಇದರ ಆಸುಪಾಸಿನಲ್ಲೇ ಇದ್ದರೆ ಕೆಂಪು ಗೆರೆ, ಅಂದರೆ ಎಂಜಿನ್ ತಿರುಗಬಹುದಾದ ಸುತ್ತಿನ ಮಿತಿ, 7,000ದ ಕೆಳಗೇ ಬರಬಹುದು. ಈಗಿನ ಎಂಜಿನ್ ಕೂಡ ಮೊದಲು 6,800ಕ್ಕೇ ನಿಲ್ಲುತ್ತಿತ್ತು. 2019ರ ಮಾದರಿಗೆ ಅದನ್ನು 7,500ಕ್ಕೆ ಏರಿಸೋಕೆ ಪ್ರತಿ ಪಿಸ್ಟನ್ನಿನಿಂದ 27 ಗ್ರಾಂ, ಪ್ರತಿ ಕನೆಕ್ಟಿಂಗ್ ರಾಡಿನಿಂದ 41 ಗ್ರಾಂ ಕೆರೆದು ತೆಗೆದರು. 155 ಇದ್ದ ಎಚ್‌ಪಿ 181 ಆದದ್ದು ಆಗಲೇ. ಮತ್ತೆ ಅದೇ ಚಿನ್ನದಂಗಡಿ ತಕ್ಕಡಿ.

ಒಂದು ಟನ್ ಒಳಗೆ ಅನ್ನುವ ಗುರಿಯನ್ನು ಮಾತ್ರ ಸ್ವಲ್ಪ ಕಣ್ಣು ಕಿರಿದು ಮಾಡಿ ಓದಿ. ಯಾವ ದೇಶದ, ಯಾವ ಮಾದರಿಯ ತೂಕ? ಈಗಿನ ಕಾರೇ ಜಪಾನಿನಲ್ಲಿ 1.5 ಲೀಟರ್ ಎಂಜಿನ್ ಜೊತೆ 990 ಕೆಜಿಗೆ ಬಂದಿತ್ತು. ನಿಮ್ಮಲ್ಲಿಗೆ ಬರುವಾಗ 80 ಕೆಜಿ ಏರಿತು. ಗುರಿ ಸುಳ್ಳಲ್ಲ. ಆದರೆ ನಿಮ್ಮ ಶೋರೂಮಿಗೆ ಬರುವ ಕಾರು ಅದೇ ಅಲ್ಲದಿರಬಹುದು.

ಗೇರ್ ಬಗ್ಗೆ ನಿಮ್ಮ ಭಯ ಅಷ್ಟಾಗಿ ಬೇಡ. ಈ ಕಾರು ತಗೊಳ್ಳುವವರಲ್ಲಿ ಗೇರ್ ಬೇಕು ಅನ್ನುವವರೇ ಜಾಸ್ತಿ, ಆಟೋಮ್ಯಾಟಿಕ್ ಹಾಕಿದರೆ ತೂಕವೂ ಜಾಸ್ತಿ. ಪದ್ಮಿನಿಯ ಸ್ಟಿಯರಿಂಗ್ ಪಕ್ಕದ ಗೇರ್ ಹಾಕಿದ ಕೈಗೆ ಮಿಯಾಟಾದ ಗೇರ್ ಸಕ್ಕರೆ ಅನ್ನಿಸುತ್ತದೆ. ನಾನೂ ಅದೇ ಕೋಲಿನಲ್ಲಿ ಕಲಿತವನು, ಮೂರನೇ ಗೇರ್ ಹುಡುಕುವಷ್ಟರಲ್ಲಿ ಏರು ಮುಗಿದುಹೋಗುತ್ತಿತ್ತು.

ನನಗೆ ಭಯ ಇರುವುದು ಬೇರೆ ಕಡೆ. ಇಂಥ ಚಿಕ್ಕ ಕಾರುಗಳನ್ನು ಮಾರುಕಟ್ಟೆಯಿಂದ ಓಡಿಸುತ್ತಿರುವುದು ಹೊಗೆ ಮಾತ್ರ ಅಲ್ಲ. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ ಮಾಡಿದ ಸುರಕ್ಷತಾ ಸಾಮಾನುಗಳಿಂದಾಗಿ ಟೊಯೋಟಾ ಜಿಆರ್86 ಅಲ್ಲಿಂದ ಹೋಯಿತು. ಸೈಬರ್ ಭದ್ರತೆಯ ನಿಯಮಕ್ಕೆ ಪೆಟ್ರೋಲ್ ಪೋರ್ಷೆ 718 ಹೋಯಿತು. ಕ್ಯಾಮೆರಾ, ಸೆನ್ಸರ್ ಅಂದರೆ ಗ್ರಾಂ ಲೆಕ್ಕದ ತೂಕ, ಸರಿ. ಆದರೆ ಅವನ್ನು ಕೂರಿಸೋಕೆ ಕಾರಿನ ವೈರಿಂಗೇ ಹೊಸದಾಗಬೇಕು, ಅದಕ್ಕೆ ಕೋಟಿಗಟ್ಟಲೆ ಖರ್ಚು. ಕಡಿಮೆ ಮಾರಾಟವಾಗುವ ಕಾರಿನ ಮೇಲೆ ಅಷ್ಟು ಹಾಕೋಕೆ ಯಾರಿಗೂ ಧೈರ್ಯ ಇರುವುದಿಲ್ಲ. ಟೊಯೋಟಾ ಸುಬಾರು ಜೊತೆ ಸೇರಿ, ಬಿಎಂಡಬ್ಲ್ಯು ಜೊತೆ ಸೇರಿ ಸ್ಪೋರ್ಟ್ಸ್ ಕಾರು ಮಾಡಿದ್ದು ಈ ಕಾರಣಕ್ಕೇ. ಮಿಯಾಟಾದ ಖರ್ಚು ಹಂಚಿಕೊಳ್ಳೋಕೆ ಹಿಂದೆ ಮಿಯಾಟಾದ ಮೇಲೇ ಕಟ್ಟಿದ ಫಿಯೆಟ್ 124 ಇತ್ತು, ಮಿಯಾಟಾದ ಜೊತೆ ಹಿರೋಶಿಮಾದಲ್ಲೇ ತಯಾರಾಗುತ್ತಿತ್ತು. ಈಗ ಅದೂ ಇಲ್ಲ. ಹೊಸ ಕಾರು ತಡವಾದರೆ ಕಾರಣ ಎಂಜಿನ್ ಆಗಿರುವುದಿಲ್ಲ, ಈ ಲೆಕ್ಕಪುಸ್ತಕ ಆಗಿರುತ್ತದೆ.

ಇನ್ನು ನಿಮ್ಮ ನಿರ್ಧಾರ.

ಕಾಯುತ್ತೀರಾದರೆ ಎರಡು ವರ್ಷ ಅಂತ ಲೆಕ್ಕ ಹಾಕಬೇಡಿ, ಜಾಸ್ತಿಯೇ ಆಗಬಹುದು. ಬಂದ ಮೇಲೂ ಮೊದಲ ವರ್ಷದ ಕಾರು ತಗೋಬೇಡಿ ಅನ್ನುವುದು ನನ್ನ ಸ್ವಂತ ಅನುಭವ. ಜನ ಎಂಜಿನ್ ಕೈಕೊಡುತ್ತದೆ ಅಂತ ಹೆದರುತ್ತಾರೆ. ಅದು ಹಾಗೆ ಕೈಕೊಡುವುದಿಲ್ಲ, ಅದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿರುತ್ತಾರೆ. ನಾನಿದ್ದ ಒಂದು ಕಡೆ ಹೊಸ ಕಾರು ಹೊರಬಂದ ಮೊದಲ ಮಳೆಗಾಲ ಪೂರ್ತಿ ನಾವು ನೋಡಿದ್ದು ಬಾಗಿಲಿನ ರಬ್ಬರ್. ಎರಡು ಮಿಲಿಮೀಟರ್ ಗಿಡ್ಡ. ಕಾರ್ಪೆಟ್ ಅಡಿ ನೀರು ನಿಂತು, ಕನೆಕ್ಟರ್ ಹಸಿರುಗಟ್ಟಿ, ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತಿತ್ತು. ಗಿರಾಕಿ ಏರ್‌ಬ್ಯಾಗ್ ಕೆಟ್ಟಿದೆ ಅಂತ ಬರುತ್ತಿದ್ದರು, ನಾವು ರಬ್ಬರ್ ಬದಲಿಸಿ ಕಳಿಸುತ್ತಿದ್ದೆವು. ಬೆಲೆಯ ವಿಷಯವೂ ಇದೆ. ಮಿಯಾಟಾ ಜಪಾನಿನಿಂದಲೇ ಬರಬೇಕು, ಹಾಗಾಗಿ ಅಮೆರಿಕದ ಆಮದು ಸುಂಕ ಏರಿದಾಗೆಲ್ಲ ನಿಮ್ಮ ಜೇಬಿಗೆ ತಗಲುತ್ತದೆ.

ಈಗಿನದನ್ನೇ ಹೊಸದಾಗಿ ತಗೊಳ್ಳುವುದಾದರೆ 2024ರಿಂದ ಈಚಿನ ಕ್ಲಬ್ ಅಥವಾ ಗ್ರ್ಯಾಂಡ್ ಟೂರಿಂಗ್ ಗೇರ್ ಮಾದರಿ ನೋಡಿ. ಅದರಲ್ಲಿರುವ ಹೊಸ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಎಂಜಿನ್ ಬಲ ಹಂಚುವ ಭಾಗ), ನೀವು ಬ್ರೇಕ್ ಹಾಕಿ ತಿರುವಿಗೆ ಇಳಿಯುವಾಗ ಹಿಂದಿನ ಚಕ್ರಗಳನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ಹತ್ತು ವರ್ಷ ತಿದ್ದಿ ತೀಡಿದ ಕಾರು, ಸಣ್ಣಪುಟ್ಟ ಕಾಯಿಲೆ ಎಲ್ಲ ವಾಸಿಯಾಗಿದೆ. ಇಲ್ಲಿರುವ ಅಪಾಯ ಒಂದೇ: ಹೊಸದು ಬಂದ ದಿನ ನಿಮ್ಮ ಕಾರು ಹಿಂದಿನ ತಲೆಮಾರು ಆಗುತ್ತದೆ. ಅದು ಮನಸ್ಸಿಗೆ ನೋವು, ತಿರುವಿನಲ್ಲಿ ಏನೂ ಅಲ್ಲ.

ಗೆಳೆಯನ ಚಿನ್ನದ ಮಾತು ಹೇಳಿದ್ದೆನಲ್ಲ. 2016ರಲ್ಲೇ ಮಿಯಾಟಾ ತಯಾರಿಕೆ ಹತ್ತು ಲಕ್ಷ ಕಾರಿನ ಗಡಿ ಮುಟ್ಟಿದೆ. ಅಷ್ಟು ಇರುವುದು ಚಿನ್ನ ಆಗುವುದಿಲ್ಲ. ಓಡಿಸದೆ ಇಟ್ಟರೆ ಟೈರು ಗಟ್ಟಿಯಾಗುತ್ತದೆ, ಬ್ಯಾಟರಿ ಸಾಯುತ್ತದೆ, ಇನ್ಶೂರೆನ್ಸ್ ಮಾತ್ರ ತಪ್ಪದೆ ಕಟ್ಟಬೇಕು.

ನನ್ನನ್ನು ಕೇಳಿದರೆ, 2019 ಅಥವಾ ಆಮೇಲಿನ ಸೆಕೆಂಡ್ ಹ್ಯಾಂಡ್ ಒಂದು ತಗೊಳ್ಳಿ. 7,500ರ ಎಂಜಿನ್ ಸಿಗುತ್ತದೆ, ಸ್ಟಿಯರಿಂಗನ್ನು ಹಿಂದೆ ಮುಂದೆ ಎಳೆಯುವ ಅನುಕೂಲವೂ ಆ ವರ್ಷದಿಂದಲೇ. ನೀವು ಎತ್ತರ ಇದ್ದರೆ ಇದು ದೊಡ್ಡ ವಿಷಯ. ಅದಕ್ಕಿಂತ ಹಳೆಯ, 2016–17ರ ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ತೊಂದರೆ ಕೊಟ್ಟದ್ದುಂಟು, ಆ ಗೋಜು ಬೇಡ. ಹೀಗೆ ಮಾಡಿದರೆ ಮನೆಯವರ ಮಾತೂ ಉಳಿಯುತ್ತದೆ. ಹೊಸ ಕಾರಿಗೆ ಕಾದ ಹಾಗೂ ಆಯಿತು, ಅಲ್ಲಿಯವರೆಗೆ ಓಡಿಸಿದ ಹಾಗೂ ಆಯಿತು, ಕಳೆಯುವ ದುಡ್ಡೂ ಕಡಿಮೆ.

ನೋಡೋಕೆ ಹೋಗುವಾಗ ಜೋರು ಮಳೆ ಬಂದ ಮರುದಿನವೇ ಹೋಗಿ. ಮಡಚಿದ ಟಾಪ್ ಕೂರುವ ಜಾಗದ ಎರಡೂ ಮೂಲೆಯಲ್ಲಿ ನೀರು ಹೋಗುವ ತೂತು ಇರುತ್ತದೆ. ಒಣಗಿದ ಎಲೆ ಸೇರಿ ಅದು ಕಟ್ಟಿಕೊಂಡರೆ ನೀರು ಒಳಗಿನಿಂದಲೇ ತಗಡು ತಿನ್ನುತ್ತದೆ. ನಿಮ್ಮಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಬೇರೆ ಸುರಿಯುತ್ತಾರೆ. ಸೀಟಿನ ಹಿಂದಿನ ಕಾರ್ಪೆಟ್ ಮೇಲೆ ಅಂಗೈ ಒತ್ತಿ ಹಿಡಿಯಿರಿ. ಕೈ ತೇವವಾದರೆ ಬೆಲೆ ಮಾತಾಡೋಕೂ ಹೋಗಬೇಡಿ, ಮುಂದಿನದಕ್ಕೆ ನಡೆಯಿರಿ.